ಗದ್ದದ ಮೊಡವೆಯೂ ಅತ್ತೆಯ ಹಾಲಿನ ಕ್ಯಾನೂ

ಮೂವತ್ತನಾಲ್ಕು ತುಂಬಿದ ಮೇಲೆ ನನ್ನ ಮುಖದಲ್ಲಿ ಮೊಡವೆ ಎದ್ದಿವೆ. ಹದಿನಾರರಲ್ಲಿ ಬರಬೇಕಾಗಿದ್ದವು ಆಗ ಬರಲಿಲ್ಲ. ಗೆಳತಿಯರೆಲ್ಲ ಕಡಲೆಹಿಟ್ಟು, ಮುಲ್ತಾನಿ ಮಣ್ಣು ಎಂದು ಮುಖಕ್ಕೆ ಮೆತ್ತಿಕೊಂಡು ಕೂತಿರುವಾಗ ನಾನು ನುಣ್ಣಗಿನ ಕೆನ್ನೆಯಲ್ಲಿ, ಸ್ವಲ್ಪ ಜಂಬದಿಂದಲೇ ಓಡಾಡಿದವಳು. ಈಗ ಶಿವಮೊಗ್ಗದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಭದ್ರಾವತಿಯ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತೇನೆ. ಎದುರು ಕೂತವರಿಗೂ ಮೊಡವೆ, ಬೋರ್ಡಿನ ಮುಂದೆ ನಿಂತವಳಿಗೂ ಮೊಡವೆ. ಮೊದಲ ಬೆಂಚಿನ ಹುಡುಗಿಯೊಬ್ಬಳು ಒಂದು ದಿನ ಸ್ಟಾಫ್ ರೂಮಿಗೆ ಬಂದು, ಡೌಟು ಕೇಳುವವಳ ಹಾಗೆ ಮುಖ ಮಾಡಿ, "ಮಿಸ್, ನೀವು ಯಾವ ಫೇಸ್‌ವಾಶ್ ಹಾಕ್ತೀರ ಹೇಳಿ, ನಾನು ಅದನ್ನ ತಗೊಳಲ್ಲ" ಎಂದಳು. ಇಂಟರ್ನಲ್ಸ್‌ನಲ್ಲಿ ಇವಳನ್ನು ನೋಡಿಕೊಳ್ಳಬೇಕು ಎಂದು ಆ ಕ್ಷಣಕ್ಕೆ ಅನ್ನಿಸಿದ್ದು ನಿಜ. ಆದರೆ ಪ್ರಾಮಾಣಿಕ ಹುಡುಗಿ, ಬಿಟ್ಟುಬಿಟ್ಟೆ.

ಈ ಮೊಡವೆಗಳಿಗೆ ಮೂಲ ಕಾರಣ ಕಬ್ಬಿಣ. ಭದ್ರಾವತಿಯಲ್ಲಿ ಹುಟ್ಟಿ ಬೆಳೆದವರಿಗೆ ಕಬ್ಬಿಣದ ಜೊತೆ ಒಂದು ಸಲುಗೆ ಇರುತ್ತದೆ. ನಮ್ಮಪ್ಪ ಅದನ್ನು ಕರಗಿಸಿ ಸಂಬಳ ತಂದರು. ನಾನು ಅದನ್ನು ಎತ್ತಿ ಮತ್ತೆ ಅಲ್ಲೇ ಇಡುತ್ತೇನೆ, ಸಂಬಳವಿಲ್ಲ. ನಿಂತು ನಿಂತು ಪಾಠ ಮಾಡಿ ಸೊಂಟ ಹಿಡಿದುಕೊಂಡಿತ್ತೆಂದು ಕಾಲೇಜಿನ ಹತ್ತಿರದ ಜಿಮ್ಮಿಗೆ ಸೇರಿದವಳ ಕೈಗೆ ಅಲ್ಲಿನ ಕೋಚ್ ಸೆಲ್ವಂ ಅಣ್ಣ ಒಂದು ಉದ್ದನೆಯ ಕಬ್ಬಿಣದ ಸರಳು ಕೊಟ್ಟರು, ಜಿಮ್ಮಿನವರ ಬಾಯಲ್ಲಿ ಬಾರು. ಸೊಂಟನೋವು ಹೋಯಿತು, ಬಾರಿನ ಹುಚ್ಚು ಉಳಿಯಿತು. ನೆಲದ ಮೇಲಿನ ಭಾರವನ್ನು ಹಿಡಿದು ಸೊಂಟ ನೆಟ್ಟಗೆ ಮಾಡಿ ನಿಲ್ಲುವುದು, ಆಟ ಅಷ್ಟೇ. ಕಳೆದ ವರ್ಷ ಜಿಲ್ಲಾ ಸ್ಪರ್ಧೆಯಲ್ಲಿ ತೊಂಬತ್ತು ಕೇಜಿಗೆ ಕೈ ಹಾಕಿದೆ. ಅದು ನೆಲ ಬಿಟ್ಟು ಏಳಲೇ ಇಲ್ಲ. ಊರಿನವರ ಎದುರು, ಏನೋ ಬಿದ್ದುಹೋದದ್ದನ್ನು ಹುಡುಕುವವಳ ಹಾಗೆ ಬಗ್ಗಿ ನಿಂತಿದ್ದೆ. ಈ ವರ್ಷ ಅದನ್ನು ಎತ್ತಲೇಬೇಕು ಎಂದು ಅಂದೇ ತೀರ್ಮಾನಿಸಿದೆ.

"ಅನ್ನ ಸಾರು ತಿಂದು ತೊಂಬತ್ತು ಕೇಜಿ ಎತ್ತಕ್ಕಾಗುತ್ತಾ ಮೇಡಂ? ಪ್ರೋಟೀನ್ ಬೇಕು. ಮೊಟ್ಟೆ ತಿನ್ನಿ" ಎಂದರು ಸೆಲ್ವಂ ಅಣ್ಣ. ನಮ್ಮದು ಲಿಂಗಪೂಜೆಯ ಮನೆ, ಮೊಟ್ಟೆ ಹೊಸ್ತಿಲು ದಾಟುವುದಿಲ್ಲ. ಹಾಗಾಗಿ ಶಿವಮೊಗ್ಗದ ಅಂಗಡಿಯಿಂದ, ಮಗು ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡ ಡಬ್ಬಿಯಲ್ಲಿ ವೇ ಪ್ರೋಟೀನ್ ಪುಡಿ ಬಂತು, ಚಾಕೊಲೇಟ್ ರುಚಿಯದ್ದು. ಅದನ್ನು ಕದಡಲು ಹೊಳೆಹೊನ್ನೂರಿನಿಂದ ಅತ್ತೆ ಕಳಿಸುವ ಎಮ್ಮೆ ಹಾಲು ಇದ್ದೇ ಇತ್ತು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ತೋಳು ತುಂಬಿಕೊಂಡಿತು. ಕೆನ್ನೆಯೂ ತುಂಬಿಕೊಂಡಿತು, ಮೊಡವೆಗಳಿಂದ.

ಈ ವೇ ಎಂದರೇನು ಎಂದು ಹೇಳದೆ ಮುಂದೆ ಹೋಗಲು ನನ್ನ ಮೇಷ್ಟ್ರ ಚಾಳಿ ಬಿಡದು. ಹಾಲಿಗೆ ಹುಳಿ ಹಿಂಡಿದರೆ ಒಡೆಯುತ್ತದೆಯಲ್ಲ, ಗಟ್ಟಿಯಾದದ್ದು ಪನೀರು. ಮಿಕ್ಕ ತಿಳಿ ನೀರೇ ಈ ಮಹಾಶಯ. ಅತ್ತೆಯ ಮನೆಯಲ್ಲಿ ಹಾಲು ಒಡೆದರೆ ಆ ನೀರು ನೇರ ಕೊಟ್ಟಿಗೆಯ ಕಲಗಚ್ಚಿನ ಬಕೆಟ್ಟಿಗೆ ಹೋಗುತ್ತದೆ. ಅದನ್ನೇ ಯಾರೋ ಸೋಸಿ, ಒಣಗಿಸಿ, ಪುಡಿ ಮಾಡಿ, ಡಬ್ಬಿಯ ಮೇಲೆ ಉಬ್ಬಿದ ತೋಳಿನ ಚಿತ್ರ ಅಂಟಿಸಿ ನನಗೆ ಮಾರಿದ್ದಾರೆ. ಹೊಳೆಹೊನ್ನೂರಿನ ಎಮ್ಮೆ ಅದನ್ನು ಪುಕ್ಕಟೆ ಕುಡಿಯುತ್ತದೆ. ಅದರ ಮುಖದಲ್ಲಿ ಒಂದು ಮೊಡವೆಯೂ ಇಲ್ಲ.

ಶಿವಮೊಗ್ಗದ ಚರ್ಮದ ಡಾಕ್ಟರ ಬಳಿ ಹೋದೆ. ಮುಖವನ್ನು ದೀಪದ ಕೆಳಗೆ ಹಿಡಿದು ನೋಡಿ, "ಎಲ್ಲರಿಗೂ ಹೀಗಾಗುತ್ತೆ ಅಂತಿಲ್ಲ. ನಿಮಗೆ ಆ ಪುಡಿ, ಹಾಲು ಆಗಿಬರ್ತಿಲ್ಲ ಅನ್ಸುತ್ತೆ. ಕೆಲವು ತಿಂಗಳು ಬಿಟ್ಟು ನೋಡೋಣ" ಎಂದು ಒಂದು ಮುಲಾಮು ಬರೆದುಕೊಟ್ಟರು. ಬೆವರಿದ ಕೂಡಲೇ ತೊಳೆಯಬೇಕು, ಚಿವುಟಬಾರದು, ಸಿಹಿ ಕಡಿಮೆ ಮಾಡಬೇಕು. ಅಷ್ಟು ಹೇಳಿ, ಪೆನ್ನು ಮುಚ್ಚುತ್ತಾ, "ಈ ವಯಸ್ಸಲ್ಲಿ ಅಷ್ಟು ಭಾರ ಎತ್ತಲೇಬೇಕಾ?" ಎಂದರು. ಮರುದಿನ ಸೆಲ್ವಂ ಅಣ್ಣನಿಗೆ ಪುಡಿ ಬಿಡುತ್ತೇನೆ ಎಂದರೆ ಅವರದ್ದೂ ಅದೇ ರಾಗ. "ಈ ವಯಸ್ಸಲ್ಲಿ ಮುಖದ ಚಿಂತೆ ಯಾಕೆ ಮೇಡಂ? ಮದುವೆ ಆಗಿದೆಯಲ್ಲ."

ಅಂದು ಸಂಜೆ ಶಿವಮೊಗ್ಗದ ಬಸ್ಸಿನಲ್ಲಿ ಕೂತು ನನಗೆ ನಿಜಕ್ಕೂ ಸಿಟ್ಟು ಬಂತು. ಹೆಂಗಸಿಗೆ ಮೂವತ್ತನಾಲ್ಕಾದರೆ ಲೋಕ ಒಂದು ತಕ್ಕಡಿ ಹಿಡಿದು ಎದುರು ನಿಲ್ಲುತ್ತದೆ. ಇದು ಬೇಕೋ, ಅದು ಬೇಕೋ, ಬೇಗ ಹೇಳು, ಹಿಂದೆ ಜನ ಕಾಯುತ್ತಿದ್ದಾರೆ. ನಮ್ಮ ಯಜಮಾನರು ಹೊಟ್ಟೆಯನ್ನೂ ಬೆಳೆಸಿ, ಕೂದಲನ್ನೂ ಕಳೆದುಕೊಂಡು ಹಾಯಾಗಿದ್ದಾರೆ. ಅವರನ್ನು ಯಾರೂ ಏನೂ ಕೇಳಿಲ್ಲ. ನನಗೆ ಬಾರೂ ಏಳಬೇಕು, ಮುಖವೂ ತಿಳಿಯಾಗಬೇಕು. ಎರಡೂ ಬೇಕು. ಬಸ್ಸು ಇಳಿಯುವಷ್ಟರಲ್ಲಿ ಅದು ಹಠವಾಗಿತ್ತು.

ಪುಡಿ ಬಿಡುವುದು ಸುಲಭ, ಡಬ್ಬಿಗೆ ಬೇಜಾರಾಗುವುದಿಲ್ಲ. ಹಾಲು ಬಿಡುವುದೆಂದರೆ ಅತ್ತೆಯನ್ನು ಎದುರಿಸಬೇಕು. ಪ್ರತಿ ಭಾನುವಾರ ಬೆಳಗಿನ ಬಸ್ಸಿನಲ್ಲಿ, ಕಂಡಕ್ಟರ ಕಾಲ ಬಳಿ ಕೂತು ಅವರ ಹಾಲಿನ ಕ್ಯಾನು ಹೊಳೆಹೊನ್ನೂರಿನಿಂದ ಶಿವಮೊಗ್ಗಕ್ಕೆ ಬರುತ್ತದೆ. ಇವರು ಸ್ಟ್ಯಾಂಡಿಗೆ ಹೋಗಿ ತರುತ್ತಾರೆ, ಕಾಯಿಸಿ ಫ್ರಿಜ್ಜಿನಲ್ಲಿಟ್ಟರೆ ವಾರಕ್ಕಾಗುತ್ತದೆ. ಮಧ್ಯಾಹ್ನದ ಬಸ್ಸಿಗೆ ಕ್ಯಾನು ವಾಪಸು ಹೋಗಬೇಕು, ಮತ್ತು ಖಾಲಿ ಹೋಗಬಾರದು. ಹಾಲು ಬಂದ ಪಾತ್ರೆಯನ್ನು ಬರಿದಾಗಿ ಕಳಿಸಿದರೆ ಕೊಟ್ಟಿಗೆಗೆ ಒಳ್ಳೆಯದಲ್ಲ ಎಂಬುದು ನನ್ನ ಮದುವೆಯಾದ ಹೊಸತರಲ್ಲೇ ಅತ್ತೆ ಕಲಿಸಿದ ಪಾಠ. ಸಕ್ಕರೆಯೋ ಹಣ್ಣೋ ಒಂದು ಮೊಳ ಹೂವೋ, ಏನಾದರೂ ಒಳಗಿರಬೇಕು.

ಧೈರ್ಯ ಮಾಡಿ ಫೋನು ಮಾಡಿದೆ. "ಅತ್ತೆ, ಸ್ವಲ್ಪ ದಿನ ಹಾಲು ಕಳಿಸ್ಬೇಡಿ."

"ಯಾಕೆ ಸುಮಾ, ನೀರು ಬೆರೆಸ್ತೀನಿ ಅಂದ್ಕೊಂಡ್ಯಾ?"

"ಅಯ್ಯೋ ಇಲ್ಲ ಅತ್ತೆ. ಮುಖದಲ್ಲಿ ಮೊಡವೆ, ಡಾಕ್ಟ್ರು ಬೇಡ ಅಂದಿದಾರೆ."

"ನಮ್ಮ ಎಮ್ಮೆ ಹಾಲಿಗೆ ಮೊಡವೆನಾ? ನಿನ್ನ ಗಂಡ ಅದನ್ನೇ ಕುಡ್ದು ಬೆಳೆದಿದ್ದು ಮಾರಾಯ್ತಿ, ಅವನ ಮುಖ ನೋಡು."

ನೋಡಿದೆ. ನುಣ್ಣಗಿತ್ತು. ಸೋಫಾದಲ್ಲಿ ಕೂತು ಪೇಪರು ಓದುತ್ತಿದ್ದರು. ಮನೆಯಲ್ಲಿ ಅವರು ಎತ್ತುವ ಅತಿ ಭಾರದ ವಸ್ತುವೆಂದರೆ ಆ ಪೇಪರು.

ಮುಂದಿನ ಭಾನುವಾರ ಕ್ಯಾನು ಬಂದೇ ಬಂತು. ಕೊಟ್ಟಿಗೆಯ ಇನ್ನೊಂದು ಎಮ್ಮೆ ಕರು ಹಾಕಿತ್ತು. ಒಳಗೆ ಗಿಣ್ಣದ ಹಾಲು. ಹಾಲನ್ನಾದರೂ ಬೇಡ ಎನ್ನಬಹುದು, ಗಿಣ್ಣವನ್ನು ಬೇಡ ಎಂದವರನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಿದೆ. ನಾನು ಒಂದೇ ಒಂದು ತುಂಡು ತಿಂದೆ. ತುಂಡಿನ ಗಾತ್ರ ಹೇಳುವುದಿಲ್ಲ. ಈ ಗಡಿಬಿಡಿಯಲ್ಲಿ ಮಧ್ಯಾಹ್ನದ ಬಸ್ಸಿನ ಹೊತ್ತು ಆಗಿಯೇ ಹೋಯಿತು. ಇವರು ಸ್ಕೂಟರು ಸ್ಟಾರ್ಟ್ ಮಾಡಿ ಗೇಟಿನಲ್ಲಿ ನಿಂತಿದ್ದಾರೆ, ನನ್ನ ಕೈಯಲ್ಲಿ ತೊಳೆದ ಕ್ಯಾನು ಖಾಲಿ. ಸಕ್ಕರೆ ತಳ ಕಂಡಿದೆ, ಬೆಲ್ಲ ಗಿಣ್ಣಕ್ಕೆ ಹೋಗಿದೆ, ಹಣ್ಣಿಲ್ಲ. ಕಪಾಟಿನ ಮೇಲೆ ಆ ದೊಡ್ಡ ಡಬ್ಬಿ ಮಾತ್ರ ತೋಳು ಉಬ್ಬಿಸಿಕೊಂಡು ಕೂತಿತ್ತು. ಮುಚ್ಚಳ ತೆಗೆದು ಕ್ಯಾನಿಗೆ ಸುರಿದುಬಿಟ್ಟೆ.

ರಾತ್ರಿ ಊಟದ ಹೊತ್ತಿಗೆ ಅತ್ತೆಯ ಫೋನು. "ಸುಮಾ, ಈ ಪುಡಿ ಹಾಲಿಗೆ ಬೆರೆಸೋದಾ, ನೀರಿಗಾ?"

"ಎರಡಕ್ಕೂ ಆಗುತ್ತೆ ಅತ್ತೆ" ಎಂದೆ.

ಹೀಗೆ ಕಲಗಚ್ಚಿನ ನೀರು ಊರೂರು ಸುತ್ತಿ, ಚಾಕೊಲೇಟ್ ಬಣ್ಣ ಬಳಿದುಕೊಂಡು, ಅದೇ ಕೊಟ್ಟಿಗೆಯ ಹಾಲಿಗೆ ಮರಳಿತು. ಎಪ್ಪತ್ತು ದಾಟಿದ ಮಾವ ಅದನ್ನು ದಿನಾ ಸಂಜೆ ಕುಡಿದು, ಸೊಸೆ ಕಳಿಸಿದ್ದೆಂದು ಜಗಲಿಗೆ ಬಂದವರಿಗೂ ಕುಡಿಸಿದರಂತೆ. ಒಬ್ಬರಿಗೂ ಮೊಡವೆ ಏಳಲಿಲ್ಲ. ಇದು ಏನು ಪುಡಿ, ಯಾಕೆ ಎಂದು ಅತ್ತೆ ವಿಚಾರಿಸಿದಾಗ ನಾನು ಎಲ್ಲವನ್ನೂ ಹೇಳಿದೆ. ಕಳೆದ ವರ್ಷ ಬಾರು ಏಳದಿದ್ದದ್ದು, ಈ ವರ್ಷ ಎತ್ತಲೇಬೇಕು ಎಂಬುದು, ಪುಡಿಯೂ ಇಲ್ಲ ಹಾಲೂ ಇಲ್ಲ, ಇನ್ನು ಕಾಳೇ ಗತಿ ಎಂಬುದು. ಅವರು ಹ್ಞೂಂಗುಟ್ಟುತ್ತಾ ಕೇಳಿದರು. ಮರುವಾರ ಕ್ಯಾನಿನ ತುಂಬ ಹುರುಳಿಕಾಳು ಬಂತು.

"ಎತ್ತಿಗೆ ಹುರುಳಿ ಬೇಯಿಸಿ ಹಾಕಿ ಉಳುಮೆ ಮಾಡಿಸ್ತಿದ್ರು ನಿಮ್ಮಾವ. ನೀನೂ ತಿನ್ನು" ಎಂದರು ಫೋನಿನಲ್ಲಿ. ನನ್ನನ್ನು ಎತ್ತಿನ ಸಾಲಿಗೆ ಸೇರಿಸಿದ್ದಕ್ಕೆ ಬೇಜಾರಾಗಲಿಲ್ಲ, ಖುಷಿಯೇ ಆಯಿತು. ಮೊಟ್ಟಮೊದಲ ಸಲ ಮನೆಯವರೊಬ್ಬರು ಯಾಕೆ ಎತ್ತಬೇಕು ಎಂದು ಕೇಳದೆ, ಏನು ತಿಂದು ಎತ್ತಬೇಕು ಎಂದು ಯೋಚಿಸಿದ್ದರು.

ಆಮೇಲಿನ ತಿಂಗಳುಗಳಲ್ಲಿ ಹುರುಳಿ ಸಾರು, ಹುರುಳಿ ಉಸಲಿ, ಮೊಳಕೆ ಹೆಸರು, ಶೇಂಗಾ, ಸೋಯಾ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನೇ ಹುಡುಕುವ ಪರಿಸ್ಥಿತಿ ಬಂತು, ಅದನ್ನು ವಿವರಿಸುವುದು ಬೇಡ. ಜಿಮ್ಮಿನಿಂದ ಬಂದ ಕೂಡಲೇ ಮುಖ ತೊಳೆದೆ, ಮುಲಾಮು ಹಚ್ಚಿದೆ. ಸ್ಟಾಫ್ ರೂಮಿನ ಹುಟ್ಟುಹಬ್ಬದ ಪೇಡಕ್ಕೆ ಒಮ್ಮೆ ಸೋತೆ. ಮೊಡವೆಗಳು ಬಾಡಿಗೆ ಮನೆ ಬಿಡುವವರ ಹಾಗೆ ನಿಧಾನಕ್ಕೆ, ಒಂದೊಂದೇ ಸಾಮಾನು ಹೊತ್ತುಕೊಂಡು ಹೊರಟವು. ಬಾರು ಕೂಡ ಅಷ್ಟೇ ನಿಧಾನವಾಗಿ ಮೇಲೆ ಬಂತು. ಸೆಲ್ವಂ ಅಣ್ಣ, "ಏನ್ ಮೇಡಂ, ಕಾಳಲ್ಲೇ ಎತ್ತಿಬಿಡ್ತೀರಾ?" ಎನ್ನುವರು. "ಎತ್ತೇ ಎತ್ತೀನಿ" ಎನ್ನುವೆ.

ಸ್ಪರ್ಧೆಯ ದಿನ ಬೆಳಿಗ್ಗೆ ಕನ್ನಡಿ ನೋಡಿದರೆ ಗದ್ದದ ಮೇಲೆ ಒಂದು ಮೊಡವೆ, ಕರೆಯದೆ ಬಂದ ನೆಂಟನ ಹಾಗೆ. ಬಾರಪ್ಪ, ನೀನೂ ನೋಡು ಎಂದು ಅದನ್ನೂ ಕರೆದುಕೊಂಡೇ ಭದ್ರಾವತಿಗೆ ಹೋದೆ. ಮುಂದಿನ ಸಾಲಿನಲ್ಲಿ ನನ್ನ ವಿದ್ಯಾರ್ಥಿನಿಯರು, ಫೇಸ್‌ವಾಶಿನವಳೂ ಇದ್ದಳು. ಅದೇ ತೊಂಬತ್ತು ಕೇಜಿ. ಜಾರದಿರಲೆಂದು ಕೈಗೆ ಸೀಮೆಸುಣ್ಣದ ಪುಡಿ ಸವರಿ ಬಗ್ಗಿದೆ. ಒಂದು ಕ್ಷಣ ಏನೂ ಆಗಲಿಲ್ಲ, ಕಳೆದ ವರ್ಷದ ನೆನಪು ಬೆನ್ನಿನಲ್ಲಿ ಜುಮ್ಮೆಂದಿತು. ಬಿಡಲಿಲ್ಲ. ನೆಲ ಬಿಟ್ಟಿತು. ಮೊಣಕಾಲು ದಾಟಿತು. ಸೊಂಟ ನೆಟ್ಟಗಾಯಿತು. ತೀರ್ಪುಗಾರರು ಕೈ ಇಳಿಸುವವರೆಗೆ ಹಲ್ಲು ಕಚ್ಚಿ ನಿಂತೆ. ಕೆಳಗಿಟ್ಟಾಗ ನನಗೆ ಅಳು ಬಂದಿತ್ತು.

ನನ್ನ ತೂಕದ ವಿಭಾಗದಲ್ಲಿ ಮೂರನೇ ಸ್ಥಾನ. ಒಟ್ಟು ಎಷ್ಟು ಜನ ಇದ್ದರು ಎಂದು ದಯವಿಟ್ಟು ಕೇಳಬೇಡಿ. ಮುಖಕ್ಕೆ ಸ್ಪರ್ಧೆಯಿಟ್ಟಿದ್ದರೆ ಅಲ್ಲೂ ಮೂರನೆಯದೇ ಸಿಗುತ್ತಿತ್ತೇನೋ. ಎರಡರಲ್ಲೂ ಮೂರನೆಯವಳಾಗುವುದು, ಒಂದನ್ನು ಬಿಟ್ಟು ಇನ್ನೊಂದರಲ್ಲಿ ಗೆಲ್ಲುವುದಕ್ಕಿಂತ ನನಗೆ ಹಿತವಾಗಿದೆ.

ಮರುದಿನ ಭಾನುವಾರ. ಕ್ಯಾನು ಬಂತು, ಕಾಳು ಸುರಿದುಕೊಂಡೆ. ಆ ದಿನ ಮನೆಯಲ್ಲಿ ಸಕ್ಕರೆಯಿತ್ತು, ಹಣ್ಣಿತ್ತು, ಹೂವೂ ಇತ್ತು. ಯಾವುದನ್ನೂ ಹಾಕಲಿಲ್ಲ. ಮೆಡಲನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಮುಚ್ಚಳ ಹಾಕಿದೆ.

ಸಂಜೆ ಅತ್ತೆಯ ಫೋನು ಬಂತು.

"ಸುಮಾ, ಇದನ್ನ ಹಾಲಿಗೆ ಹಾಕೋದಾ, ನೀರಿಗಾ?"

"ಎರಡಕ್ಕೂ ಆಗುತ್ತೆ ಅತ್ತೆ" ಎಂದೆ.