ಮೂರು ಕೆಂಪು ಎಳೆ

ದೇಶ ಸುತ್ತಿ ಬಂದವರು ಹೇಳುವ ವಿಚಿತ್ರಗಳನ್ನು ನಾನು ಎಂದೂ ನಂಬಿದವನಲ್ಲ. ಆಮೇಲೆ ನಾನೇ ಸುತ್ತಿ ಬಂದೆ. ಈಗ ನನ್ನ ಮಾತನ್ನೂ ಪೂರ್ತಿ ನಂಬುವುದಿಲ್ಲ. ಓದುವವರೂ ಇದನ್ನು ಸಂಶಯದಿಂದಲೇ ಓದಬೇಕು.

ಚಳ್ಳಕೆರೆಯ ಬಟ್ಟೆ ವ್ಯಾಪಾರಿಯೊಬ್ಬರ ಜೊತೆಗಾರನಾಗಿ ಕೊಲಂಬೊ, ರಂಗೂನು, ಪೆನಾಂಗು, ಸಿಂಗಪುರ ಎಂದು ಎರಡು ವರ್ಷ ಅಲೆದೆ. ಈಗ ಎಲ್ಲವೂ ಕಲಸಿಹೋಗಿದೆ. ಪೆನಾಂಗಿನ ಮಳೆಯನ್ನು ಸಿಂಗಪುರದ ಬೀದಿಗೆ ಸುರಿಸುತ್ತೇನೆ. ಕೊಲಂಬೊದ ದೀಪಸ್ತಂಭವನ್ನು ಕಣ್ಣಾರೆ ಕಂಡೆನೋ ಚಿತ್ರದಲ್ಲಿ ಕಂಡೆನೋ ತಿಳಿಯದು. ರಂಗೂನಿನ ಹಡಗುಕಟ್ಟೆಯ ಒಂದು ನೋಟ ಮಾತ್ರ ಅಲುಗುವುದಿಲ್ಲ: ಮೆಟ್ಟಿಲಿಳಿಯುತ್ತಿದ್ದ ಹೆಂಗಸೊಬ್ಬಳ ಬೆನ್ನು, ಹಳದಿ ರೇಷ್ಮೆ ಸೀರೆ, ಅದಕ್ಕೆ ನಮ್ಮ ಮನೆಯ ಅಂಚು, ಸೆರಗಿನ ಹತ್ತಿರ ಮೂರು ಕೆಂಪು ಎಳೆ. ಜನರನ್ನು ದಾಟಿ ನಾನು ಹೋಗುವಷ್ಟರಲ್ಲಿ ಅವಳಿರಲಿಲ್ಲ.

ಆ ಅಂಚಿನ ವಿನ್ಯಾಸ ಅಪ್ಪ ತಾವೇ ಕಟ್ಟಿದ್ದು. ಮನೆಯ ಹೆಣ್ಣುಮಕ್ಕಳ ಧಾರೆ ಸೀರೆಗಷ್ಟೇ ಅದನ್ನು ನೇಯಬೇಕು, ಮಾರಕೂಡದು ಎಂದು ಸಾಯುವಾಗ ಅಣ್ಣನಿಂದಲೂ ನನ್ನಿಂದಲೂ ಮಗ್ಗದ ಲಾಳಿ ಮುಟ್ಟಿಸಿ ಆಣೆ ಮಾಡಿಸಿದ್ದರು. ಅದನ್ನು ನೇಯಲು ಬರುತ್ತಿದ್ದುದು ಅಣ್ಣನೊಬ್ಬನಿಗೇ. ಮನೆಯ ಮೊದಲ ಹುಡುಗಿಯಾದ ಅವನ ಮಗಳ ಮದುವೆಯೇ ಇನ್ನೂ ಆಗಿರಲಿಲ್ಲ. ಅಣ್ಣ ಆಣೆ ಮುರಿದಿದ್ದಾನೆ ಎಂದುಕೊಂಡೇ ಊರಿಗೆ ಬಂದೆ.

ಮೊಳಕಾಲ್ಮೂರಿನ ಮನೆ ತಲುಪಿದ್ದು ಮಧ್ಯಾಹ್ನ. ಅಣ್ಣ ಮಗ್ಗದ ಗುಂಡಿಯಲ್ಲಿ ಕುಳಿತು ಮಗಳ ಧಾರೆ ಸೀರೆ ನೇಯುತ್ತಿದ್ದ. ಹಳದಿ ಸೀರೆ. ಸೆರಗು ಶುರುವಾಗಲು ಇನ್ನೊಂದು ಗೇಣು ಉಳಿದಿತ್ತು.

“ಈ ಅಂಚು ಯಾರಿಗೆ ಮಾರ್ದೆ ಅಣ್ಣಾ?” ಎಂದೆ, ಕಾಲು ತೊಳೆಯುವ ಮೊದಲೇ.

“ಏಮಯ್ಯಾ, ಬಂದಿದ್ದು ಉಣ್ಣಾಕಾ, ಜಗಳಕ್ಕಾ?” ಎಂದು ಅತ್ತಿಗೆ ಒಳಗಿಂದ ಕೂಗಿದರು.

“ಲೇ, ಹಡಗಿನಾಗೆ ತಿರುಗಿದ ತಲೆ ಇನ್ನೂ ನಿಂತಿಲ್ವೇನ್ಲೇ?” ಎಂದ ಅಣ್ಣ. “ಈ ಅಂಚಿನ ಮೊದಲ್ನೇ ಸೀರೆ ಇದು. ಇನ್ನೂ ಮಗ್ಗದ ಮ್ಯಾಲೇ ಐತೆ!”

ಸಿಟ್ಟಿನಲ್ಲಿ ನನ್ನ ಮುಖವನ್ನೇ ನೋಡುತ್ತ ಕೈಗೆ ಸಿಕ್ಕ ಲಾಳಿ ಎಸೆದು ನೇಯತೊಡಗಿದ. ಅದು ಸೆರಗಿಗೆಂದು ತುಂಬಿಟ್ಟಿದ್ದ ಕೆಂಪು ನೂಲಿನ ಲಾಳಿ. ಅವನು ತಲೆ ತಗ್ಗಿಸಿ ನೋಡುವಷ್ಟರಲ್ಲಿ ಹಳದಿಯಲ್ಲಿ ಮೂರು ಕೆಂಪು ಎಳೆ ಬಿದ್ದಿದ್ದವು.

ಅವೇ ಮೂರು ಎಳೆ. ರಂಗೂನಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅಣ್ಣ ಬಹಳ ಹೊತ್ತು ಆ ಎಳೆಗಳ ಮೇಲೆ ಬೆರಳಾಡಿಸಿದ.

“ಅವಳು ಹೆಂಗಿದ್ಲು?” ಎಂದು ಮೆಲ್ಲಗೆ ಕೇಳಿದ. “ನಗ್ತಿದ್ಲಾ?”

ಅವನು ಕೇಳುತ್ತಿರುವುದು ತನ್ನ ಮಗಳ ವಿಷಯ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು.

“ನಗ್ತಿದ್ಲು,” ಎಂದೆ.

ಅಣ್ಣ ಮೂರೂ ಎಳೆಗಳನ್ನು ಬಿಚ್ಚಿ ಅಲ್ಲಿ ಹಳದಿಯನ್ನೇ ನೇಯ್ದ. ಆ ಸೀರೆಯುಟ್ಟು ಮದುವೆಯಾದ ಹುಡುಗಿ ತಳಕಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಇಂದಿಗೂ ಚಳ್ಳಕೆರೆ ದಾಟಿದವಳಲ್ಲ. ಅಣ್ಣ ಆಣೆ ಮುರಿಯಲಿಲ್ಲ ಎನ್ನಬೇಕಾದರೆ ನಾನು ಇಲ್ಲದ ಸೀರೆಯನ್ನು ಕಂಡೆ ಎನ್ನಬೇಕು. ಪ್ರವಾಸದಲ್ಲಿ ನಾನು ಬರೆದ ದಿನಚರಿಯ ರಂಗೂನಿನ ಪುಟದಲ್ಲಿ “ನಮ್ಮ ಅಂಚು” ಎಂದಿದೆ. ಪಕ್ಕದಲ್ಲಿರುವ “ಕೆಂಪು” ಬೇರೆ ಪೆನ್ಸಿಲಿನದು. ಯಾವಾಗ ಬರೆದೆನೋ!

ಹಡಗುಕಟ್ಟೆಯ ಆ ಹೆಂಗಸಿನ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಇದೆಲ್ಲದರಲ್ಲಿ ಸುಳ್ಳೆಂದು ಖಚಿತವಾಗಿ ಬಲ್ಲದ್ದು ಆ ನಗುವೊಂದೇ. ಈಚೆಗೆ ಅದೂ ನೆನಪಿಗೆ ಬರತೊಡಗಿದೆ.