ಮೊದಲನೇ ಗ್ರೂಪಿನಲ್ಲಿ ಬಂದ ಹೆಸರು

ಕಂಪ್ಯೂಟರಿನಲ್ಲಿ ಏನೋ ವಿಚಿತ್ರ ಆಯಿತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನೀವು ಮಾಡಿದ ತಪ್ಪನ್ನೇ ಅದು ನಿಮಗೆ ವಾಪಸ್ ಕೊಟ್ಟಿದೆ ಎನ್ನುತ್ತಿದ್ದೆ. ಪ್ರೋಗ್ರಾಮಿಂಗ್ ನನ್ನ ಹೊಟ್ಟೆಪಾಡು. ಸ್ವಲ್ಪ ಜಂಬವೂ ಇತ್ತು. ಈಗ ನಗುವುದಿಲ್ಲ.

ನಾಲ್ಕು ವರ್ಷಗಳ ಹಿಂದಿನ ಮಾತು. ತೋಡಾರಿನ ಹತ್ತಿರದ ನಮ್ಮ ಮಸೀದಿಯ ಹಳೆಯ ದಫನ ಪುಸ್ತಕವನ್ನು, ಅಂದರೆ ಹೂಳಿದವರ ದಾಖಲೆಯನ್ನು, ಯಾರೋ ಟೈಪ್ ಮಾಡಿಟ್ಟಿದ್ದರು. ಅದನ್ನು ಪಟ್ಟಿ ಮಾಡಿಕೊಡುವ ಕೆಲಸ ನನಗೆ ಬಂತು. ಉಮ್ಮ ಕೇಳಿದ್ದು ಒಂದೇ: "ಮೋನೆ, ನಮ್ಮ ಮಗು ಎಷ್ಟನೇ ಸಾಲಿನಲ್ಲಿ ಉಂಟು ಅಂತ ನೋಡು."

ನನಗಿಂತ ಮೊದಲು ಹುಟ್ಟಿದ ಅಕ್ಕ ಅದು. ಹುಟ್ಟುವಾಗಲೇ ಉಸಿರಿರಲಿಲ್ಲ, ಹೆಸರೂ ಇಡಲಿಲ್ಲ. ಉಪ್ಪ, ಅಂದರೆ ನನ್ನ ತಂದೆ, ಎತ್ತಿಕೊಂಡು ಹೋಗಿ ದಫನ ಮಾಡಿ ಬಂದರಂತೆ. ಈಗ ಅವರೂ ಇಲ್ಲ. ನಮ್ಮಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗುವುದಿಲ್ಲ. ಹೊರಗೆ ರಸ್ತೆಯಲ್ಲಿ ನಡೆಯುವಾಗ ಯಾವ ಕಡೆ ನೋಡಬೇಕೆಂಬುದು ಉಮ್ಮನಿಗೆ ಇಷ್ಟು ವರ್ಷವೂ ಗೊತ್ತಿರಲಿಲ್ಲ.

ನಾನೊಂದು ರೆಗೆಕ್ಸ್ ಬರೆದೆ. ಅಂದರೆ, ಬರಹ ಹೀಗಿದ್ದರೆ ಮಾತ್ರ ಹಿಡಿ ಎಂದು ಕಂಪ್ಯೂಟರಿಗೆ ಕೊಡುವ ನಮೂನೆ. ಅದರಲ್ಲಿ ಮೂರು ಜೊತೆ ಆವರಣ ಚಿಹ್ನೆ; ಒಂದೊಂದರೊಳಗೆ ಸಿಕ್ಕಿದ್ದಕ್ಕೆ ಗ್ರೂಪ್ ಎನ್ನುತ್ತಾರೆ. ಮೊದಲನೆಯದು ಸತ್ತವರ ಹೆಸರನ್ನು, ಎರಡನೆಯದು ತಂದೆಯ ಹೆಸರನ್ನು, ಮೂರನೆಯದು ಗೋರಿಯ ಸಾಲನ್ನು ಹಿಡಿಯಬೇಕು. ಹೆಸರಿನ ಜಾಗ ಖಾಲಿಯಿದ್ದರೆ ಆ ನಮೂದನ್ನೇ ಬಿಟ್ಟುಬಿಡಬೇಕು; ನಮ್ಮ ಮಗುವಿನಂಥ ಹೆಸರಿಲ್ಲದವನ್ನು ಆಮೇಲೆ ಕಣ್ಣಲ್ಲೇ ಹುಡುಕಿದರಾಯಿತು ಎಂದುಕೊಂಡಿದ್ದೆ.

ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಅದನ್ನು ಕಂಪ್ಯೂಟರಿನಲ್ಲಿ ಓಡಿಸಿದೆ. ಪಟ್ಟಿಯ ಎರಡನೇ ಗ್ರೂಪಿನಲ್ಲಿ, ತಂದೆಯ ಜಾಗದಲ್ಲಿ, ಉಪ್ಪನ ಹೆಸರು ಕಂಡಿತು. ಮೂರನೇ ಗ್ರೂಪಿನಲ್ಲಿ ಆರನೇ ಸಾಲು. ಮೊದಲನೆಯದರಲ್ಲಿ, ಸಫಿಯಾ.

ಮೂಲ ಕಡತ ತೆರೆದರೆ ಹೆಸರಿನ ಜಾಗ ಖಾಲಿ. ಇಡೀ ಕಡತದಲ್ಲಿ ಸಫಿಯಾ ಎಂಬವರೇ ಇಲ್ಲ. ಗಾಬರಿಯಲ್ಲಿ ಮತ್ತೆ ಓಡಿಸಿದೆ. ಮೊದಲ ಪಟ್ಟಿ ಅಳಿಸಿಹೋಗಿ ಹೊಸತು ಬಂತು. ಅದರಲ್ಲಿ, ನಾನು ಬರೆದ ನಿಯಮದಂತೆಯೇ, ಉಪ್ಪನ ಹೆಸರಿದ್ದ ಆ ನಮೂದೇ ಇರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಡುಗೆಮನೆಗೆ ಹೋಗಿ ಆರನೇ ಸಾಲು ಎಂದೆ. ಉಮ್ಮ ತಲೆಯಾಡಿಸಿದರು. "ಸಫಿಯಾ ಅಂತ ಹೆಸರು ಇಟ್ಟಿದ್ದಿರಾ?" ಎಂದು ಕೇಳಿದೆ.

ಅವರು ಸೌಟು ಕೆಳಗಿಟ್ಟರು. "ಹೊಟ್ಟೆಯಲ್ಲಿರುವಾಗ ಮನಸ್ಸಿನಲ್ಲೇ ಹಾಗೆ ಕರೀತಿದ್ದೆ. ನಿನ್ನ ಉಪ್ಪನಿಗೂ ಹೇಳಿರ್ಲಿಲ್ಲ. ನಿನಗೆ ಯಾರು ಹೇಳಿದ್ದು?"

ನಾನು ವಾಪಸ್ ಕಂಪ್ಯೂಟರಿನ ಮುಂದೆ ಹೋಗಿ ಕುಳಿತೆ.

ಅವತ್ತೇ ಆ ಖಾಲಿ ಜಾಗದಲ್ಲಿ ಸಫಿಯಾ ಎಂದು ಟೈಪ್ ಮಾಡಿದೆ. ಈಗ ಎಷ್ಟು ಸಲ ಓಡಿಸಿದರೂ ಅವಳು ಸಿಗುತ್ತಾಳೆ. ಹಾಗಾಗಿ ನಿಮಗೆ ತೋರಿಸಲು ನನ್ನ ಬಳಿ ಸಾಕ್ಷಿಯೇನೂ ಉಳಿದಿಲ್ಲ. ಉಮ್ಮ ಮಾತ್ರ ಆ ರಸ್ತೆಯಲ್ಲಿ ಹೋಗುವಾಗ ಆರನೇ ಸಾಲಿನ ನೇರಕ್ಕೆ ಒಂದು ಗಳಿಗೆ ನಿಲ್ಲುತ್ತಾರೆ, ಈಗ ಬಾಯಿಬಿಟ್ಟೇ ಆ ಹೆಸರು ಹೇಳುತ್ತಾರೆ.