ಬೀಗರೂಟದ ಸೀಗಡಿ

ಆ ಸೀಗಡಿ ಕೆಟ್ಟಿದೆ ಎಂದು ನನಗೆ ಗೊತ್ತಿತ್ತು, ರತ್ನಮ್ಮ. ಒಲೆ ಹಚ್ಚುವ ಮೊದಲೇ ಗೊತ್ತಿತ್ತು. ಏಳು ವರ್ಷ ಊರಿಗೆಲ್ಲ ಬೇರೆಯೇ ಹೇಳಿಕೊಂಡು ಬಂದೆ.

ಗಣಿ ಊರು ಚಾಂಪಿಯನ್ ರೀಫ್ಸಿನಲ್ಲಿ ಬೀಗರೂಟ, ಇನ್ನೂರು ಜನ. ಅಡುಗೆ ಹಿಡಿದವಳು ನಾನು, ಜೊತೆಗೆ ಕೈಗೂಡಿಸಿದವಳು ನೀನು. ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ ಹೊರಗೆ, ಮದರಾಸಿನ ರೈಲಿನಿಂದ ಇಳಿದ ಪೆಟ್ಟಿಗೆಗಳನ್ನು ಚೌಕಾಸಿ ಮಾಡಿ ತಂದವಳೂ ನಾನೇ. ಹಿಂದಿನ ದಿನ ಉಳಿದ ಮಾಲಿನ ಮೇಲೆ ಹೊಸ ಐಸು ಸುರಿದಿದ್ದರು. ಮಾರುವವನು ಅಷ್ಟು ಬೇಗ ಬಗ್ಗಿದಾಗಲೇ ಅನುಮಾನ ಬರಬೇಕಿತ್ತು—ಬಂತು ಕೂಡ. ಗೆದ್ದೆನೆಂಬ ಖುಷಿ ಅದನ್ನು ಒತ್ತಿಹಾಕಿತು. ಇದನ್ನು ಓದುವವರು ಯಾರೇ ಆಗಲಿ, ಪೆಟ್ಟಿಗೆಯ ತಳದಿಂದ ಒಂದು ಹಿಡಿ ಎತ್ತಿ ನೋಡಿ. ತಲೆ ಕಪ್ಪಾಗಿದ್ದರೆ ಬಿಟ್ಟು ಬನ್ನಿ. ಎಷ್ಟೋ ಹೆಂಗಸರಿಗೆ ಇದು ನನ್ನ ಬುದ್ಧಿ ಎಂದೇ ಹೇಳಿದ್ದೇನೆ. ನನ್ನದಲ್ಲ—ನೀನು ಕಲಿಸಿದ್ದು.

ಸಿಪ್ಪೆ ಬಿಡಿಸುತ್ತಿದ್ದ ನೀನು ಕೈ ನಿಲ್ಲಿಸಿದೆ.

"ಅಕ್ಕಾ, ತಲೆ ಕರ್ರಗಾಗೈತೆ. ಗಬ್ಬು ಒಡೀತದೆ. ಎಸ್ದುಬುಡಾನ. ಕೋಳಿ ಸಾರೈತಲ್ಲ, ಸಾಕು."

"ಸಮುದ್ರದ ಮಾಲು ಮಲ್ಲಿಗೆ ವಾಸ್ನೆ ಬತ್ತದೇನೇ? ಮೆಣ್ಸು, ಬೆಳ್ಳುಳ್ಳಿ ಎರಡರಷ್ಟು ಆಕು. ಸುಮ್ನೆ ಆವಿಗಿಡು."

ನೀನು ಮಸಾಲೆ ಅರೆದೆ. ಬಾಳೆಲೆಯಲ್ಲಿ ಪೊಟ್ಟಣ ಕಟ್ಟಿ ಇಡ್ಲಿ ಹಂಡೆಗಳಲ್ಲಿ ಜೋಡಿಸಿದೆ. ಮುಚ್ಚಳ ತೆಗೆದಾಗ ಬೀದಿಯೆಲ್ಲ ಘಮ. ಬೀಗರು ಕೇಳಿ ಕೇಳಿ ಹಾಕಿಸಿಕೊಂಡರು. ಕೊನೆಯ ಪಂಕ್ತಿಯಲ್ಲಿ ನಾವು ಕೂತಾಗ ನೀನು ಬರಿಯ ಮುದ್ದೆ, ಸಾರು ಉಂಡೆ.

ಸಂಜೆಗೆ ವಾಂತಿ ಶುರುವಾಯಿತು. ಮದುಮಗಳ ತಾತ, ಗಣಿಯಲ್ಲಿ ದುಡಿದು ಎದೆ ಸೋತ ಮುದುಕ, ಮೂರು ದಿನ ಆಸ್ಪತ್ರೆಯಲ್ಲಿದ್ದ. ಬದುಕಿ ಬಂದ, ಅದರಲ್ಲಿ ನನ್ನ ಪುಣ್ಯವೇನೂ ಇಲ್ಲ. ಹಂಡೆ ಉಜ್ಜುತ್ತಿದ್ದ ನಮ್ಮನ್ನು ಜನ ಸುತ್ತುವರಿದರು. ಏನಾಯಿತು ಎಂದು ಹೆಣ್ಣಿನ ತಂದೆ ಕೇಳಿದಾಗ ನಾನು ಆಡಿದ ಮಾತು—

"ಬಿಡ್ಸಿ ತೊಳ್ದೋಳು ಇವ್ಳು. ಇವ್ಳ್ಯಾಕೆ ಒಂದೂ ತಿನ್ನಲಿಲ್ಲ, ಕೇಳ್ರಿ."

ನಾನೂ ತಿಂದಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ನೀನು ಅವರತ್ತ ತಿರುಗಲಿಲ್ಲ, ನನ್ನನ್ನೇ ನೋಡಿದೆ—ನಾನೇ ಸರಿ ಮಾಡುತ್ತೇನೆಂದು ಕಾದಂತೆ. ನಾನು ತಲೆ ಬಗ್ಗಿಸಿ ಹಂಡೆ ಉಜ್ಜಿದೆ.

ನೀನು ಒಬ್ಬರ ಮುಂದೆಯೂ ನನ್ನ ಹೆಸರು ಎತ್ತಲಿಲ್ಲ. ಆಮೇಲೆ ಯಾವ ಮನೆಯವರೂ ನಿನ್ನನ್ನು ಒಲೆಯ ಹತ್ತಿರ ಸೇರಿಸಲಿಲ್ಲ. "ಅದೇನು ಬೆರ್ಸಿದ್ಲೋ" ಎಂದವರೂ ಇದ್ದಾರೆ, ಕೇಳಿಸಿಕೊಂಡು ಸುಮ್ಮನಿದ್ದೆ. ಈಗ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಯಾವುದೋ ಆಫೀಸಿನ ನೆಲ ಒರೆಸುತ್ತೀಯಂತೆ. ನೀನು ತೋರಿಸಿದ ಹದದಲ್ಲೇ ಮಸಾಲೆ ಅರೆದು ನಾನು ಹೆಸರು ಮಾಡಿದೆ—ನಿನ್ನ ಹೆಸರು ಕೆಡಿಸಿ.

ಈ ಭಾನುವಾರ ಅದೇ ಮನೆಯಲ್ಲಿ ಮಗುವಿನ ನಾಮಕರಣ. ಅಡುಗೆಗೆ ನನ್ನನ್ನೇ ಕರೆದಿದ್ದಾರೆ. ಅವತ್ತು ನಿನ್ನನ್ನು ಬೈದವರೆಲ್ಲ ಬರುತ್ತಾರೆ. ಎಲೆ ಹಾಕುವ ಮೊದಲು ಪಂಕ್ತಿಯ ಮುಂದೆ ನಿಂತು ಹೇಳುತ್ತೇನೆ: ರತ್ನಮ್ಮ ಬೇಡ ಅಂದಳು, ನಾನು ಬೇಯಿಸಿದೆ. ಆಮೇಲೆ ಅವರು ಉಣ್ಣಲಿ, ಎದ್ದು ಹೋಗಲಿ.

ನೀನು ಬಾ ಎಂದು ಕರೆಯುವ ಮುಖ ನನಗಿಲ್ಲ. ಯಾರಾದರೂ ನಿನ್ನ ಬಾಗಿಲಿಗೆ ಬಂದು ನಿಜವೇ ಎಂದು ಕೇಳಿದರೆ, ಇನ್ನಾದರೂ ನನ್ನನ್ನು ಉಳಿಸಬೇಡ.